ಕ್ಯಾರಲ್ ವ್ಯಾನಿನ ಕೊನೆಯ ಮನೆ

ನವೆಂಬರ್ 23, ಭಾನುವಾರ

ಈ ಡೈರಿಯನ್ನು ಕನ್ನಡದಲ್ಲಿ ಬರೆಯಲು ಒಂದೇ ಕಾರಣ. ನನ್ನ ಗಂಡ ರವಿಕುಮಾರನಿಗೆ ಕೈಬರಹದ ಕನ್ನಡ ಓದುವುದೆಂದರೆ ಸೋಮಾರಿತನ. ಇಂಗ್ಲಿಷಿನಲ್ಲಿ ಬರೆದರೆ ಭುಜದ ಮೇಲಿಂದ ಬಗ್ಗಿ ಎರಡೇ ನಿಮಿಷದಲ್ಲಿ ಓದಿಬಿಡುತ್ತಾನೆ. ನನ್ನ ಗಂಡ ಎಂದು ಬರೆದು, ಪೆನ್ನು ಕೆಳಗಿಟ್ಟು, ಒಂದು ಸಲ ನಕ್ಕು, ಮತ್ತೆ ಎತ್ತಿಕೊಂಡಿದ್ದೇನೆ. ಅವನು ಈಗ ಬಾಲ್ಕನಿಯಲ್ಲಿ ನನ್ನ ಸೀರೆ ಒಣಹಾಕುತ್ತಿದ್ದಾನೆ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು. ಇಡೀ ಜೆ.ಪಿ. ನಗರದಲ್ಲಿ ಇಂಥ ಗಂಡ ಇನ್ನೊಬ್ಬಳಿಗಿದ್ದರೆ ಬಂದು ತೋರಿಸಲಿ.

ಬೆಳಿಗ್ಗೆ ಅವರ ದೇವಾಲಯಕ್ಕೆ ಹೋಗಿದ್ದೆವು. ಇವರ ಮನೆಯಲ್ಲಿ ಚರ್ಚಿಗೆ ದೇವಾಲಯ ಎನ್ನುತ್ತಾರೆ. ಹೊಸಕೆರೆಹಳ್ಳಿಯಲ್ಲಿರುವ ನನ್ನ ಅಮ್ಮನಿಗೆ ಇನ್ನೂ ಅಭ್ಯಾಸವಾಗಿಲ್ಲ, ಫೋನಿನಲ್ಲಿ ಪ್ರಸಾದ ಏನು ಕೊಟ್ಟರು ಎಂದು ಕೇಳಿದಳು. ರವಿ ಗಾಯನ ಮಂಡಳಿಯಲ್ಲಿ ಹಾಡುತ್ತಾನೆ. ಅವನ ಧ್ವನಿ ಕೇಳಿದರೆ ದೇವದೂತರು ಕೂಡ ರಜೆ ಹಾಕಿ ಮನೆಗೆ ಹೋಗಬೇಕು.

ದೊಡ್ಡ ಸುದ್ದಿ ಏನೆಂದರೆ, ಅತ್ತೆ ನನಗೆ ಕ್ಯಾರಲ್ ದಾರಿ ಮಾಡುವ ಕೆಲಸ ಒಪ್ಪಿಸಿದ್ದಾರೆ. ಡಿಸೆಂಬರಿನಲ್ಲಿ ಗಾಯನ ಮಂಡಳಿ ಒಂದು ವ್ಯಾನು ಮಾಡಿಕೊಂಡು ಸಭೆಯ ಜನರ ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುತ್ತದೆ. ಹಾಡು ಮುಗಿದ ಮೇಲೆ ನನ್ನ ಮಾವ ಸಂಜೀವಯ್ಯನವರು ಪ್ರಾರ್ಥನೆ ಮಾಡುತ್ತಾರೆ. ಅವರು ಕಮಿಟಿಯ ಕಾರ್ಯದರ್ಶಿ. ಈ ಮನೆಯ ಯಜಮಾನನನ್ನೂ ಯಜಮಾನಿಯನ್ನೂ ಎಂದು ಶುರುಮಾಡಿ, ಒಬ್ಬೊಬ್ಬರ ಹೆಸರು ಹಿಡಿದು, ತೊಟ್ಟಿಲಲ್ಲಿರುವ ಕೂಸನ್ನೂ ಬಿಡದೆ ಆಶೀರ್ವಾದ ಬೇಡುತ್ತಾರಂತೆ. ಆಮೇಲೆ ರೋಸ್ ಕುಕ್ಕಿ, ಕಲ್ಕಲ್, ಕೇಕು, ಮತ್ತೆ ವ್ಯಾನು. ಕೊನೆಯ ಮನೆಯಲ್ಲಿ ಎಲ್ಲರಿಗೂ ಊಟ. ಕೊನೆಯ ಮನೆ ಎನಿಸಿಕೊಳ್ಳುವುದು ಇವರಲ್ಲಿ ದೊಡ್ಡ ಮರ್ಯಾದೆ. ಮೊದಲಿನಿಂದಲೂ ಅದು ಮಾವನ ಗೆಳೆಯ ಸುಗುಣರಾಜ್ ಅಂಕಲ್ ಅವರ ಮನೆ. ಅಲ್ಲಿಯ ಬಿರಿಯಾನಿಯ ಮಾತೆತ್ತಿದರೆ ರವಿ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಹಳೆಯ ದಾರಿ ನೋಡಿದೆ. ಒಂದು ವಿಚಿತ್ರ. ಗಾಯನ ಮಂಡಳಿಯನ್ನು ನಡೆಸುವ ದೇವರಾಜ್ ಅಣ್ಣನ ಮನೆಗೇ ಯಾರೂ ಹೋಗಿಲ್ಲ! ನಮ್ಮ ಮದುವೆಯಲ್ಲಿ ನಾನು ನಡೆದು ಬರುವಾಗ ಕೀಬೋರ್ಡು ನುಡಿಸಿದವರು ಅವರು. ನನ್ನ ಸೆರಗು ಬಾಗಿಲಿಗೆ ಸಿಕ್ಕಿಕೊಂಡದ್ದನ್ನು ಅಷ್ಟು ದೂರದಿಂದ ನೋಡಿ, ನಾನು ಅದನ್ನು ಬಿಡಿಸಿಕೊಳ್ಳುವವರೆಗೆ ಅದೇ ಸಾಲನ್ನು ಮತ್ತೆ ಮತ್ತೆ ನುಡಿಸಿದರು. ಫೋನು ಮಾಡಿ ಕೇಳಿದರೆ, "ನಮ್ಮನೆಗೆ ಯಾಕಮ್ಮ, ನಾನು ವ್ಯಾನಲ್ಲೇ ಇರ್ತೀನಲ್ಲ," ಎಂದು ನಕ್ಕರು. ಎಂಥ ಸಂಕೋಚದ ಮನುಷ್ಯ. ಅವರಿಗೆ ಗೊತ್ತಾಗದ ಹಾಗೆ ಸೇರಿಸಿಬಿಡುತ್ತೇನೆ.

ನವೆಂಬರ್ 30, ಭಾನುವಾರ

ಮಧ್ಯಾಹ್ನ. ಇಂದು ನಾನು ಮೈಕಿನಲ್ಲಿ ಮಾತಾಡಿದೆ!

ಆರಾಧನೆಯ ಕೊನೆಯಲ್ಲಿ ಪ್ರಕಟಣೆಗಳಿರುತ್ತವೆ. ಅಯ್ಯನವರು (ಸಭಾಪಾಲಕರನ್ನು ಹಾಗೆ ಕರೆಯಬೇಕು) ಹೊಸ ಸೊಸೆಯನ್ನು ಎಲ್ಲರೂ ನೋಡಲಿ, ಕ್ಯಾರಲ್ ದಾರಿಯನ್ನು ಅವಳೇ ಹೇಳಲಿ ಎಂದು ಕರೆದರು. ನೀಲಿ ಮೈಸೂರು ರೇಷ್ಮೆ ಉಟ್ಟಿದ್ದೆ. ಒಂದೊಂದೇ ಮನೆಯ ಹೆಸರು ಹೇಳುತ್ತ ಹೋದೆ. ಅರೆಕೆರೆಗೆ ಬಂದಾಗ ದೇವರಾಜ್ ಅಣ್ಣನ ಕಡೆ ತಿರುಗಿ ಒಂದು ನಗೆ ಬೀರಿ, "ನಾಲ್ಕು ಗಂಟೆಗೆ ಅರೆಕೆರೆಯಲ್ಲಿ ದೇವರಾಜ್ ಅಣ್ಣ ಮತ್ತು ಚಲುವರಾಜು ಅಣ್ಣನವರ ಕುಟುಂಬ," ಎಂದೆ. ಇಡೀ ದೇವಾಲಯ ಎಷ್ಟು ಗಮನವಿಟ್ಟು ಕೇಳಿತೆಂದರೆ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕನ್ನಡ ಅಷ್ಟು ಸ್ಪಷ್ಟವಾಗಿ ಓದಿದೆನೇ ಎಂದು ನನಗೇ ಹೆಮ್ಮೆಯಾಯಿತು.

ಸಂಜೆ. ಅದು ಗಮನವಲ್ಲವಂತೆ.

ಮನೆಗೆ ಬಂದು ಊಟ ಮಾಡಿದೆವು. ಕೋಣೆಗೆ ಬಂದ ಮೇಲೆ ರವಿ ಮಂಚದ ತುದಿಯಲ್ಲಿ ಕೂತು ಕಾಲುಚೀಲವನ್ನೇ ನೋಡುತ್ತ, "ಮೈಕಲ್ಲಿ ಹೇಳ್ಬಿಟ್ಯಲ್ಲ ಪ್ರಿಯಾ," ಎಂದ. ಅವರಿಬ್ಬರೂ ಜೋಡಿ ಎಂದು ಎಲ್ಲರಿಗೂ ಗೊತ್ತಲ್ಲವಾ, ನಮ್ಮ ಮದುವೆಗೂ ಇಬ್ಬರ ಹೆಸರಿನಲ್ಲೇ ಉಡುಗೊರೆ ಬಂದಿತ್ತಲ್ಲವಾ ಎಂದು ಕೇಳಿದೆ.

"ಎಲ್ರಿಗೂ ಗೊತ್ತು. ಯಾರೂ ಹೇಳಲ್ಲ. ಅಷ್ಟೇ ಇರೋದು."

ಡಿಸೆಂಬರ್ 1, ಸೋಮವಾರ

ಸುಗುಣರಾಜ್ ಅಂಕಲ್ ಬಂದಿದ್ದರು. ಬೈಯಲು ಬಂದವರ ಹಾಗೆ ಬರಲಿಲ್ಲ. ಮಾವನಿಗೆ ಹೃದಯದ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ನೆಲದ ಮೇಲೆ ಮಲಗಿ ನೋಡಿಕೊಂಡವರು ಇವರೇ ಎಂದು ಅತ್ತೆ ಹೇಳಿದ್ದರು. ನನಗೆ ಎಂದಿನಂತೆ ಚಾಕೊಲೇಟು ತಂದಿದ್ದರು. ಕೊಡುವಾಗ ಮಾತ್ರ ನನ್ನ ಮುಖ ನೋಡಲಿಲ್ಲ.

ನಾನು ಕಾಫಿ ತರುವಷ್ಟರಲ್ಲಿ ಮಾತು ಇಂಗ್ಲೆಂಡಿಗೆ ಹೋಗಿತ್ತು. ಅಲ್ಲಿಯ ಆಂಗ್ಲಿಕನ್ ಸಭೆ ಇಬ್ಬರು ಗಂಡಸರು ಜೋಡಿಯಾಗಿ ಬಂದರೂ ಆಶೀರ್ವಾದದ ಪ್ರಾರ್ಥನೆ ಮಾಡಲು ಒಪ್ಪಿದೆಯಂತೆ. ಸತ್ಯವೇದಕ್ಕಿಂತ (ಬೈಬಲ್ಲಿಗೆ ಇವರು ಹಾಗೆನ್ನುತ್ತಾರೆ) ದೊಡ್ಡದು ಯಾವುದೂ ಇಲ್ಲ ಎಂದು ಆಫ್ರಿಕಾದ ಎಷ್ಟೋ ಬಿಷಪ್ಪರು ಇನ್ನು ನಮಗೂ ನಿಮಗೂ ಸಂಬಂಧವಿಲ್ಲ ಎನ್ನುತ್ತಿದ್ದಾರಂತೆ. ದಕ್ಷಿಣ ಭಾರತದ ನಮ್ಮ ಸಭೆಯೂ ಅದೇ ದೊಡ್ಡ ಮನೆತನದ್ದು. ಇವೆಲ್ಲ ನನಗೆ ಇಂದೇ ಗೊತ್ತಾಗಿದ್ದು.

"ಹಿಂಗೇ ಶುರುವಾಗೋದು ಸಂಜೀವಯ್ಯ," ಎಂದರು ಅಂಕಲ್. "ಮೊದ್ಲು ಕುಟುಂಬ ಅಂತ ಕೂಗ್ತಾರೆ. ಆಮೇಲೆ ಮನೆಗೆ ಹೋಗಿ ಹೆಸರು ಹಿಡಿದು ಪ್ರಾರ್ಥನೆ ಮಾಡ್ತಾರೆ. ಆಮೇಲೆ ಮದ್ವೆ. ದೇವು ಮೇಲೆ ನಂಗೆ ಕೋಪ ಇಲ್ಲ, ನನ್ನ ಮಗಳ ಮದ್ವೆಗೂ ನುಡಿಸ್ದೋನು. ಆದ್ರೆ ವಾಕ್ಯಾನ ನಾನು ಹೆಂಗೆ ತಿದ್ಲಿ?"

ಮಾವ ಕೈ ಕಟ್ಟಿಕೊಂಡು ಕೇಳಿಸಿಕೊಂಡರು. ವಾಕ್ಯದ, ಎಂದರೆ ಸತ್ಯವೇದದ ಮಾತಿನ, ವಿಷಯದಲ್ಲಿ ತಾವೂ ಅದೇ ಕಡೆ ಎಂದರು. ಕಡೆಗೆ ಅಂಕಲ್ ಒಂದು ಉಪಾಯ ಹೇಳಿದರು. ಬರುವ ಭಾನುವಾರ ನಾನು ಮೈಕಿಗೆ ಹೋಗಿ, ಹೊಸಬಳು, ತಿಳಿಯದೆ ಅರೆಕೆರೆಯ ಮನೆ ಹೇಳಿಬಿಟ್ಟೆ, ಅದು ದಾರಿಯಲ್ಲಿಲ್ಲ ಎಂದರೆ ಸಾಕು. ಎಲ್ಲ ಮೊದಲಿನಂತಾಗುತ್ತದೆ. ಇಲ್ಲದಿದ್ದರೆ ಅವರ ಕಡೆಯ ಮನೆಗಳವರು ಬೇರೆ ವ್ಯಾನು ಮಾಡುತ್ತಾರೆ, ಕ್ರಿಸ್ಮಸ್ ಆರಾಧನೆಯನ್ನೂ ಬಿ.ಟಿ.ಎಂ. ಲೇಔಟಿನ ಒಂದು ಹಾಲಿನಲ್ಲಿ ಬೇರೆಯಾಗಿ ಮಾಡುತ್ತಾರೆ.

ರವಿ ತಕ್ಷಣ ಒಪ್ಪಿಕೊಂಡ. ಎಷ್ಟು ಬುದ್ಧಿವಂತ, ಯಾವ ಜಗಳವೂ ಬೆಳೆಯಲು ಬಿಡುವುದಿಲ್ಲ. ನಾನೂ ಒಪ್ಪಿದೆ. ಒಂದು ಮಾತು ಹೇಳುವುದು ಏನು ಮಹಾ.

ಡಿಸೆಂಬರ್ 3, ಬುಧವಾರ

ಅವರೆಕಾಯಿ ಬಿಡಿಸುತ್ತ ಅತ್ತೆ ಒಂದು ವಿಷಯ ಹೇಳಿದರು. ರಿಜಿಸ್ಟರ್ ಮದುವೆಯಾದ ಮೇಲೆ ನಮಗೆ ದೇವಾಲಯದಲ್ಲಿ ಪ್ರಾರ್ಥನೆ ಇತ್ತಲ್ಲ, ಅದನ್ನೂ ಸುಗುಣರಾಜ್ ಅಂಕಲ್ ಬೇಡವೆಂದಿದ್ದರಂತೆ. ನಾನು ಹಿಂದೂ, ದೀಕ್ಷಾಸ್ನಾನ ತೆಗೆದುಕೊಂಡಿಲ್ಲ. ನಂಬದವರ ಜೊತೆ ನೊಗ ಕಟ್ಟಿಕೊಳ್ಳಬಾರದು ಎಂಬ ಅರ್ಥದ ವಾಕ್ಯ ಪೌಲನ ಪತ್ರಿಕೆಯಲ್ಲಿದೆ. ಅಯ್ಯನವರು ಹಿಂದೆಮುಂದೆ ನೋಡಿದಾಗ ಮಾವನೇ ಎದ್ದು ನಿಂತು ನಮ್ಮಿಬ್ಬರ ಹೆಸರು ಹಿಡಿದು ಪ್ರಾರ್ಥಿಸಿದರಂತೆ. ಆ ದಿನ ನಾನು ಕಣ್ಣು ಮುಚ್ಚಿಕೊಂಡು ರವಿಯ ಕಿರುಬೆರಳು ಹಿಡಿದುಕೊಂಡಿದ್ದೆ. ಯಾರ ಧ್ವನಿ ಎಂದೂ ಗಮನಿಸಿರಲಿಲ್ಲ.

ರವಿಗೆ ಇದು ಗೊತ್ತಿತ್ತಂತೆ. ಯಾಕೆ ಹೇಳಲಿಲ್ಲ ಎಂದರೆ, ನಿನಗೆ ಬೇಜಾರಾಗುತ್ತಿತ್ತು ಎಂದ.

ಡಿಸೆಂಬರ್ 5, ಶುಕ್ರವಾರ

ಆಫೀಸಿನಿಂದ ನೇರ ಆಟೋ ಹಿಡಿದು ಅರೆಕೆರೆಗೆ ಹೋದೆ. ರವಿಯನ್ನು ಕರೆದೆ, ಅವನಿಗೆ ಮೀಟಿಂಗ್ ಇತ್ತು. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತು ಕ್ಷಮೆಯ ಮಾತನ್ನು ಎಷ್ಟು ಸಲ ತಿರುಗಿಸಿ ಹೇಳಿಕೊಂಡೆನೋ. ಅವರ ಗಲ್ಲಿಗೆ ತಿರುಗಿದಾಗ ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಕೆಂಪು ಕಾಗದದ ನಕ್ಷತ್ರ ಕಾಣಿಸಿತು. ಎಲ್ಲ ಮರೆತುಹೋಯಿತು.

ಚಲುವರಾಜು ಅಣ್ಣ ಬಾಗಿಲು ತೆಗೆದರು. ಗೊಟ್ಟಿಗೆರೆಯವರು, ಅಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ಅವರು ಕ್ರೈಸ್ತರಲ್ಲ. ಗೋಡೆಯ ಒಂದು ಕಡೆ ಮುನೇಶ್ವರನ ಪಟ, ಇನ್ನೊಂದು ಕಡೆ ಶಿಲುಬೆ, ನಡುವೆ ದೊಡ್ಡ ಟೀವಿ. ಸೋಫಾಗೆ ಹೊಸ ಕವರು ಹಾಕಿದ್ದರು. ಅಡುಗೆಮನೆಯಿಂದ ಎಣ್ಣೆಯ ವಾಸನೆ. ರೋಸ್ ಕುಕ್ಕಿ ಕಲಿಯುತ್ತಿದ್ದಾರೆ. ಅಚ್ಚಿನಿಂದ ಬಿಡುವುದೇ ಇಲ್ಲವಂತೆ, ಒಂದು ತಟ್ಟೆ ತುಂಬ ಮುರಿದ ಹೂವುಗಳು.

"ಅಚ್ಚು ಕಾದಿರ್ಬೇಕು ಕಣೋ ಅಂದ್ರೆ ಕೇಳಲ್ಲ ಇವ್ನು," ಎಂದರು ದೇವರಾಜ್ ಅಣ್ಣ.

"ನೀನು ತಿನ್ನೋಕೆ ಮಾತ್ರ ಬಾ," ಎಂದರು ಚಲುವರಾಜು ಅಣ್ಣ.

ಕ್ಷಮಿಸಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ದೇವರಾಜ್ ಅಣ್ಣ ತಡೆದರು. ಭಾನುವಾರ ಹೋಗಿ ಬಾಯಿತಪ್ಪಿ ಬಂತು ಎಂದು ಹೇಳಿಬಿಡಮ್ಮ, ನನ್ನಿಂದ ಸಭೆ ಒಡೆಯುವುದು ಬೇಡ, ಮಾಸ್ಟ್ರಿಗೆ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದರು. ಮಾಸ್ಟ್ರು ಎಂದರೆ ಮಾವ. ಭಾನುವಾರದ ಶಾಲೆಯಲ್ಲಿ ಇವರಿಗೆ ಪಾಠ ಹೇಳಿದವರು, ಮೊದಲ ಸಲ ಹಾರ್ಮೋನಿಯಂ ಮುಂದೆ ಕೂರಿಸಿದವರು. ಆಮೇಲೆ ಮುರಿದ ಹೂವೊಂದನ್ನು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಹೇಳಿದರು.

"ಎಲ್ರ ಮನೇಲೂ ಹಾಡಿದೀನಿ ಪ್ರಿಯಾಂಕಾ. ನಮ್ಮನೇಲಿ ಯಾರಾದ್ರೂ ಹಾಡಿದ್ರೆ ಹೆಂಗಿರತ್ತೆ ಅಂತ ಇವ್ನಿಗೊಂದು ಆಸೆ. ನಂಗಲ್ಲ."

ಚಲುವರಾಜು ಅಣ್ಣ ತಿರುಗಿ ನೋಡದೆ, "ಸ್ಟಾರು ಬಿಚ್ಚೋದಿದ್ರೆ ಹೇಳಿ ಮೇಡಂ, ಸ್ಟೂಲ್ ಮೇಲೆ ಹತ್ತಿ ಕಟ್ಟಿದೀನಿ, ಮತ್ತೆ ಹತ್ಬೇಕು," ಎಂದರು.

ಇಂಥ ಜನರನ್ನು ನಾನು ನೋಡಿಲ್ಲ. ಅವರಿಗಾದ ಕಷ್ಟಕ್ಕೆ ನನ್ನನ್ನೇ ಸಮಾಧಾನ ಮಾಡಿ, ಡಬ್ಬಿ ತುಂಬ ಮುರಿದ ಕುಕ್ಕಿ ಕೊಟ್ಟು ಕಳಿಸಿದರು.

ಡಿಸೆಂಬರ್ 7, ಭಾನುವಾರ

ರವಿ ಬರೆದುಕೊಟ್ಟ ಚೀಟಿ ಕೈಯಲ್ಲಿತ್ತು. ಮೈಕಿನ ಹತ್ತಿರ ಹೋದೆ. ದೇವರಾಜ್ ಅಣ್ಣ ಕೀಬೋರ್ಡಿನ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಸುಗುಣರಾಜ್ ಅಂಕಲ್ ಪ್ರೋತ್ಸಾಹ ಕೊಡುವವರಂತೆ ತಲೆಯಾಡಿಸಿದರು. ಅವರೂ ಒಳ್ಳೆಯವರೇ, ಅದೇ ಕಷ್ಟ.

"ಹೋದ ವಾರ ನಾನು ಹೇಳಿದ್ದರಲ್ಲಿ ಒಂದು ತಪ್ಪಾಗಿದೆ," ಎಂದೆ. "ಅರೆಕೆರೆ ಮನೆಗೆ ನಾಲ್ಕು ಗಂಟೆ ಅಂದಿದ್ದೆ. ಬನ್ನೇರುಘಟ್ಟ ರಸ್ತೆಯಲ್ಲಿ ತುಂಬಾ ಟ್ರಾಫಿಕ್ ಇರತ್ತೆ. ಐದೂವರೆ ಅಂತ ತಿದ್ದಿಕೊಳ್ಳಿ."

ಬಂದು ಕೂತೆ. ರವಿಯ ಚೀಟಿಯನ್ನು ಮಡಚಿ ಬ್ಯಾಗಿಗೆ ಹಾಕಿದೆ. ತಲೆನೋವು. ಮಲಗುತ್ತೇನೆ.

ಡಿಸೆಂಬರ್ 8, ಸೋಮವಾರ

ಸುಗುಣರಾಜ್ ಅಂಕಲ್ ಫೋನು ಮಾಡಿ, ತಮ್ಮ ಮನೆಯನ್ನು ದಾರಿಯಿಂದ ತೆಗೆಯಲು ಹೇಳಿದರು. ತೆಗೆದೆ. ಅವರ ಜೊತೆಗೆ ಇನ್ನೂ ಎಷ್ಟೋ ಮನೆಗಳು.

ಡಿಸೆಂಬರ್ 14, ಭಾನುವಾರ

ಬರೆಯಲು ಮನಸ್ಸಿರಲಿಲ್ಲ. ವಾರವಿಡೀ ಫೋನುಗಳು. ಬೇಸ್, ಎಂದರೆ ಕೆಳಗಿನ ಸ್ವರ, ಹಾಡುವವರೆಲ್ಲ ಆ ಕಡೆ ಹೋದರು. ಕಮಿಟಿ ಕೂತು, ವ್ಯಾನು ಅರೆಕೆರೆಗೆ ಹೋಗಬೇಕೋ ಬೇಡವೋ ಎಂದು ಅರ್ಧಕ್ಕರ್ಧ ಒಡೆಯಿತು. ಹಾಡುವುದಕ್ಕೆ ಬೇಕಾದರೆ ಹೋಗಿ, ಪ್ರಾರ್ಥನೆ ಮಾಡುವುದು ಸಂಜೀವಯ್ಯನವರ ಮನಸ್ಸಾಕ್ಷಿಗೆ ಬಿಟ್ಟದ್ದು ಎಂದು ಅಯ್ಯನವರು ಕೈತೊಳೆದುಕೊಂಡರು. ಪ್ರಾರ್ಥನೆಯಿಲ್ಲದ ಕ್ಯಾರಲ್ ಎಂದರೆ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿದ ಹಾಗೆ. ಅದು ಅವರಿಗೂ ಗೊತ್ತು, ಎಲ್ಲರಿಗೂ ಗೊತ್ತು.

ಮಾವ ಯಾರಿಗೂ ಏನೂ ಹೇಳಿಲ್ಲ. ದಿನಾ ಬೆಳಿಗ್ಗೆ ಸತ್ಯವೇದದ ಅದೇ ಅಧ್ಯಾಯಗಳನ್ನು ತೆರೆದು ಕೂರುತ್ತಾರೆ. ಬೆರಳು ಒಂದೇ ಸಾಲಿನ ಮೇಲೆ ನಿಂತಿರುತ್ತದೆ. ಮೊದಲು ನನಗೆ ಸಿಟ್ಟು ಬರುತ್ತಿತ್ತು, ಇಷ್ಟು ಸುಲಭದ ವಿಷಯಕ್ಕೆ ಇಷ್ಟು ಓದಬೇಕೇ ಎಂದು. ಈಗ ಬರುವುದಿಲ್ಲ. ಸುಲಭವಾಗಿದ್ದರೆ ಅವರು ಓದುತ್ತಲೇ ಇರಲಿಲ್ಲ.

ಇಂದು ಸಂಜೆ ನಮ್ಮ ಬಾಲ್ಕನಿಯ ನಕ್ಷತ್ರದ ಬಲ್ಬು ಬದಲಾಯಿಸುತ್ತಿದ್ದರು. ನಾನು ಸ್ಟೂಲು ಹಿಡಿದುಕೊಂಡಿದ್ದೆ. ಕೇಳಿಬಿಟ್ಟೆ. ನಮ್ಮ ಮದುವೆಯ ದಿನ ಆ ನೊಗದ ವಾಕ್ಯವನ್ನು ಏನು ಮಾಡಿದಿರಿ ಮಾವ ಎಂದು.

ಬಲ್ಬನ್ನು ಹೋಲ್ಡರಿಗೆ ಕೂರಿಸಿದರು. ಆಮೇಲೆ ಹೇಳಿದರು.

"ಏನೂ ಮಾಡ್ಲಿಲ್ಲ ಮಗಳೇ. ಅದು ಅಲ್ಲೇ ಇತ್ತು. ಓದ್ಕೊಂಡೇ ಬಂದೆ. ಬಂದು ನಿಮ್ಮಿಬ್ರ ಮುಖ ನೋಡ್ದೆ, ಹೆಸರು ಹೇಳ್ದೆ."

"ಆಮೇಲೆ ಸಮಾಧಾನ ಆಯ್ತಾ?"

"ಇಲ್ಲ," ಎಂದು ಕೆಳಗಿಳಿದು, ಸ್ವಿಚ್ಚು ಹಾಕು ಎಂದರು.

ಡಿಸೆಂಬರ್ 19, ಶುಕ್ರವಾರ

ರವಿಗೆ ಹೇಳಿದೆ, ನಾಳೆ ಕ್ಯಾರಲ್ಲಿಗೆ ನೀನು ಬರದಿದ್ದರೂ ನಾನು ಹೋಗುತ್ತೇನೆ ಎಂದು. ಸರಿ ಎಂದ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಡಿಸೆಂಬರ್ 21, ಭಾನುವಾರ

ನಿನ್ನೆಯದನ್ನೆಲ್ಲ ಬರೆದಿಡಬೇಕು.

ವ್ಯಾನಿನಲ್ಲಿ ಅರ್ಧ ಸೀಟು ಖಾಲಿ. ಹೊರಡುವ ಹೊತ್ತಿಗೆ ರವಿ ಓಡಿಬಂದು ಹಿಂದಿನ ಸೀಟಿನಲ್ಲಿ ಕೂತ, ಶೂ ಲೇಸು ಕೂಡ ಕಟ್ಟಿರಲಿಲ್ಲ. ಬೇಸ್ ಹಾಡಲು ಯಾರೂ ಇಲ್ಲವೆಂದು ಅದನ್ನೇ ಹಾಡಿದ. ರವಿ ಸುಮಾರಾಗಿ ಹಾಡುತ್ತಾನೆ, ಕೆಳಗಿನ ಸ್ವರಕ್ಕೆ ಹೋದರೆ ಧ್ವನಿ ಮಾಯ. ಆದರೆ ಬಂದ.

ಜಯನಗರ, ಬನಶಂಕರಿಯ ಮನೆಗಳನ್ನು ಮುಗಿಸಿ ಅರೆಕೆರೆಗೆ ಬಂದಾಗ ಆರು ದಾಟಿತ್ತು. ನನ್ನ ಐದೂವರೆಯೂ ಸುಳ್ಳಾಯಿತು. ಮಾವ ವ್ಯಾನಿನಿಂದ ಇಳಿಯುತ್ತಾರೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಇಳಿದ ಮೇಲೆ ಅವರೂ ಇಳಿದರು. ಕೆಳಗೆ ನಿಂತು ನಕ್ಷತ್ರವನ್ನು ನೋಡಿ, ಸತ್ಯವೇದವನ್ನು ಕಂಕುಳಲ್ಲಿಟ್ಟುಕೊಂಡು, ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿದರು.

ದೇವರಾಜ್ ಅಣ್ಣನಿಗೆ ತಮ್ಮ ಮನೆಯಲ್ಲಿ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ. ಮಂಡಳಿಯ ಜೊತೆ ನಿಂತರು, ನೆನಪಾಗಿ ಮನೆಯವರ ಕಡೆ ಬಂದರು, ಶ್ರುತಿ ಕೊಡಲು ಮತ್ತೆ ಈ ಕಡೆ ಬಂದರು. ಎಲ್ಲರೂ ನಕ್ಕರು. ಹಾಡಿದೆವು. ಚಲುವರಾಜು ಅಣ್ಣ ಬಿಳಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯ ತುಂಬ ರೋಸ್ ಕುಕ್ಕಿ, ಒಂದೂ ಮುರಿದಿರಲಿಲ್ಲ.

ಹಾಡು ಮುಗಿಯಿತು. ಕಣ್ಣು ಮುಚ್ಚಿದೆವು. ಮಾವ, "ಈ ಮನೆಯ," ಎಂದರು.

ನಿಂತುಬಿಟ್ಟರು.

ಎಲ್ಲ ಮನೆಯಲ್ಲೂ ಮುಂದಿನ ಮಾತು ಯಜಮಾನನನ್ನೂ ಯಜಮಾನಿಯನ್ನೂ. ಅದು ಇಲ್ಲಿ ಬಾಯಿಗೆ ಬರಲಿಲ್ಲ, ಬೇರೆಯದೂ ಬರಲಿಲ್ಲ. ನಾನು ಕಣ್ಣು ತೆರೆದೆ. ಚಲುವರಾಜು ಅಣ್ಣನೂ ಕಣ್ಣು ತೆರೆದಿದ್ದರು. ತಾವು ಎದುರಿಗಿರುವುದೇ ತೊಡಕು ಎಂದುಕೊಂಡರೇನೋ, ತಟ್ಟೆ ಸಮೇತ ಸದ್ದಿಲ್ಲದೆ ಒಳಗೆ ಹೆಜ್ಜೆ ಹಾಕಿದರು.

"ಚಲುವರಾಜು," ಎಂದರು ಮಾವ. "ತಟ್ಟೆ ಇಟ್ಟು ಇಲ್ಲಿ ಬಾ. ಹೆಸರು ಹೇಳೋವಾಗ ಜನ ಎದುರಿಗಿರ್ಬೇಕು."

ಬಂದು ನಿಂತರು, ದೇವರಾಜ್ ಅಣ್ಣನ ಪಕ್ಕದಲ್ಲಿ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ಮಾವ ಆ ಜಾಗದ ಮುಂದೆ ಬಂದು ನಿಂತರು.

"ದೇವರೇ, ದೇವರಾಜನನ್ನು ನಿನಗೆ ಒಪ್ಪಿಸುತ್ತೇನೆ. ಚಲುವರಾಜುವನ್ನು ನಿನಗೆ ಒಪ್ಪಿಸುತ್ತೇನೆ. ನನಗೆ ತಿಳಿಯದ್ದು ನಿನಗೆ ತಿಳಿದಿದೆ. ಈ ಮನೆಯಲ್ಲಿ ಸಮಾಧಾನವಿರಲಿ."

ಆಶೀರ್ವದಿಸು ಎಂಬ ಪದ ಬರಲಿಲ್ಲ. ಉಳಿದ ಮನೆಗಳಲ್ಲೆಲ್ಲ ಬಂದಿತ್ತು. ನಾನು ಕಾಯುತ್ತಿದ್ದೆ, ಬರಲಿಲ್ಲ. ದೇವರಾಜ್ ಅಣ್ಣನಿಗೂ ಅದು ಗೊತ್ತಾಗಿರಬೇಕು, ಪ್ರತಿ ಮನೆಯಲ್ಲೂ ಇದ್ದವರಲ್ಲವೇ. ಆದರೂ ಅವರ ಮುಖವನ್ನು ನಾನು ಮರೆಯುವುದಿಲ್ಲ. ಎಲ್ಲರ ಆಮೆನ್ ಮುಗಿದ ಮೇಲೆ ಚಲುವರಾಜು ಅಣ್ಣನ ಆಮೆನ್ ಒಂದೇ ಬಂತು, ತಡವಾಗಿ, ಅಂಗಡಿಯಲ್ಲಿ ಗಿರಾಕಿಗೆ ಹ್ಞೂಂ ಎನ್ನುವ ಹಾಗೆ. ಕುಕ್ಕಿ ತಿಂದ ಮಾವ, ಸಕ್ಕರೆ ಸ್ವಲ್ಪ ಮುಂದಾಯಿತು ಎಂದರು. ಅದನ್ನು ಅವರು ಪ್ರತಿ ಮನೆಯಲ್ಲೂ ಹೇಳುತ್ತಾರೆ.

ಎಲ್ಲರಿಗೂ ಊಟ ಹಾಕುವ ಕೊನೆಯ ಮನೆ ಎಂಬುದು ಈ ವರ್ಷ ಇರಲಿಲ್ಲ. ಬಿರಿಯಾನಿ ಬೇರೆ ವ್ಯಾನಿನವರ ಪಾಲಾಯಿತು. ವ್ಯಾನು ಕಳಿಸಿ, ಜೆ.ಪಿ. ನಗರದ ದರ್ಶಿನಿಯಲ್ಲಿ ನಿಂತುಕೊಂಡೇ ದೋಸೆ ತಿಂದೆವು. ದೇವರಾಜ್ ಅಣ್ಣ ಮತ್ತು ರವಿ ಕಾಫಿ ತರಲು ಹೋದಾಗ ಮಾವ ನನ್ನ ಪಕ್ಕಕ್ಕೆ ಬಂದರು. ಸುಗುಣರಾಜ್ ಅಂಕಲ್ ಇಲ್ಲದೆ ಅವರು ಕ್ಯಾರಲ್ ಮುಗಿಸಿದ್ದು ಇದೇ ಮೊದಲು. ಮುಖದಲ್ಲಿ ಅದು ಕಾಣುತ್ತಿತ್ತು.

"ನಾನು ಮನಸ್ಸು ಬದಲಾಯಿಸ್ಕೊಂಡೆ ಅಂತ ತಿಳ್ಕೋಬೇಡ ಪ್ರಿಯಾಂಕಾ. ವಾಕ್ಯ ಹಂಗೇ ಇದೆ. ನಾನೂ ಹಂಗೇ ಓದ್ತೀನಿ."

ಗೊತ್ತು ಮಾವ ಎಂದೆ.

ಚಟ್ನಿಯಲ್ಲಿ ದೋಸೆಯ ತುದಿ ಅದ್ದಿ, ತಿನ್ನದೆ ಹಿಡಿದುಕೊಂಡು ನಿಂತರು.

"ನಮ್ಮ ದೇವಾಲಯದ ದಾರಿ ಮುಂದಿನ ವರ್ಷಾನೂ ನೀನೇ ಮಾಡ್ತೀಯಲ್ಲ?"

"ನಮ್ಮ ದೇವಾಲಯದ್ದು ಬೇರೆ ಯಾರು ಮಾಡ್ತಾರೆ ಮಾವ?"

"ಹಂಗಾದ್ರೆ ಅರೆಕೆರೆನ ಕೊನೇಗಿಡು," ಎಂದರು.